ದಿಡ್ಡಿ ಬಾಗಿಲು

ವಾಲ್ಪರಾಯ್ಸೊದಲ್ಲಿ ನೂರ ಅರವತ್ತೆರಡು ಮೆಟ್ಟಿಲು ಹತ್ತಿ
ಏದುಸಿರು ಬಿಡುವ ಹೊತ್ತಿಗೆ ಒರಿಯಾನಾಳ ಮನೆ.
ಬಂದರಿನಲ್ಲಿ ಅಗ್ಗಕ್ಕೆ ಸಿಕ್ಕ ಹಡಗಿನ ಬಣ್ಣ ತಗಡಿಗೆ,
ಅರ್ಧ ಹಳದಿ; ಡಬ್ಬಿ ಮುಗಿದಲ್ಲಿಂದ ನೀಲಿ.

"ಗೇಟಿನ ಕ್ಯಾಮೆರಾ" ಅಂದಳು, ಕೂತ್ಕೋ ಅನ್ನುವ ಮೊದಲೇ,
"ರಾತ್ರಿ ತಾನೇ ಕತ್ತು ತಿರುಗಿಸುತ್ತೆ.
ಬೀದಿ ಬಿಟ್ಟು ನನ್ನ ಕಿಟಕಿ ನೋಡುತ್ತೆ.
ಗಾಳಿ ಇರಬೇಕು ಅಂದ ನಿಬಾಲ್ದೊ, ಫೋನಿನಲ್ಲಿ.
ನಾನು ಬಟ್ಟೆ ಬದಲಿಸೋ ಹೊತ್ತು ಗಾಳಿಗೆ ಗೊತ್ತಾ?"

ನಾನು ಏಣಿ ಕೇಳಿದೆ.

ರೆಕಾರ್ಡರ್ ಇದ್ದದ್ದು ಕಪಾಟಿನ ನೆತ್ತಿಯ ಮೇಲೆ.
ಅದರ ಬಿಸುಪಿಗೆ ಬೆಕ್ಕು ಒರಗಿ ಮಲಗಿತ್ತು.
ಬೆಕ್ಕನ್ನಿಳಿಸಿ, ಧೂಳೊರೆಸಿ, ಮಗುಚಿದರೆ
ತಳದಲ್ಲಿ ಕಂದಿದ ಅಂಟುಪಟ್ಟಿ:
ಅಡ್ಮಿನ್. ಒಂದು ಎರಡು ಮೂರು ನಾಲ್ಕು ಐದು.
ನಾಲ್ಕರ ನೆತ್ತಿ ಕೂಡಿಸದೆ ತೆರೆದೇ ಬಿಟ್ಟಿದೆ.
ಈ ಬೆಟ್ಟದಲ್ಲಿ ನಾಲ್ಕನ್ನು ಹಾಗೆ ಬರೆಯುವವನು
ನಾನೊಬ್ಬನೇ.

ಆರು ವರ್ಷದ ಹಿಂದೆ.
ನಿಬಾಲ್ದೊಗೆ ಕಲಾಮದ ತಾಮ್ರದ ಗಣಿ,
ಹತ್ತು ದಿನ ಅಲ್ಲಿ, ಹತ್ತು ದಿನ ಇಲ್ಲಿ.
ಮರುಭೂಮಿಯ ಮಂಚದ ಮೇಲೆ ಮಲಗಿ ಮನೆಯ ಗೇಟು ನೋಡಬೇಕು ಅಂದ.
ರೂಟರಿನಲ್ಲೊಂದು ಪೋರ್ಟು ತೆರೆದೆ, ಎಂಟು ಸಾವಿರದ್ದು.
ಆಗೆಲ್ಲ ಎಲ್ಲರೂ ಹಾಗೇ ಮಾಡುತ್ತಿದ್ದೆವು, ಟೀ ಆರುವುದರೊಳಗೆ.
"ನಾಯಿ ಬಾಲ ಆಡಿಸ್ತಿದೆ!" ಅಂತ ಅಲ್ಲಿಂದ ಕೂಗಿದ.
ಕೂಲಿಯ ಮೇಲೆ ಎರಡು ಸಾವಿರ ಪೆಸೊ ಇನಾಮು.

ಬಾಗಿಲು ಅವನೊಬ್ಬನಿಗೇ ಅಂದುಕೊಂಡಿದ್ದೆ.
ಬಾಗಿಲಿಗೆ ಮುಖದ ಗುರುತು ಎಲ್ಲಿ?

ದಾಖಲೆ ತೆರೆದೆ.
ಮೂರು ನಲವತ್ತು. ಮೂರು ನಲವತ್ತೊಂದು. ಮತ್ತೆ ಮೂರು ನಲವತ್ತು.
ಯಾವುದೋ ಸೀಮೆಯ ಅಂಕಿಗಳು, ಇರುವೆ ಸಾಲು.
ಇನ್ನೂರ ಹನ್ನೊಂದು ಸಲ.
ಏನೂ ಕದ್ದಿಲ್ಲ. ಬಂದಿದ್ದಾನೆ, ನೋಡಿದ್ದಾನೆ, ಹೋಗಿದ್ದಾನೆ,
ನೆಂಟರಿಗಿಂತ ನೇಮವಾಗಿ.

"ಈ ಬರಹ ನನ್ನದು" ಅಂದೆ.
ಅವಳು ಪಟ್ಟಿಯನ್ನು ಓದಿದಳು, ಆಮೇಲೆ ನನ್ನನ್ನು.
ಒಲೆ ಆರಿಸಿದಳು.
"ಮುಚ್ಚು."

ಎಂಟು ಸಾವಿರ ಮುಚ್ಚಿದೆ.
ಯಾರು ಬಡಿದರೂ ಕೇಳದೆ ಕದ ತೆಗೆಯುವ
ರೂಟರಿನ ಆ ಪರೋಪಕಾರ ಬುದ್ಧಿಯನ್ನೂ ಆರಿಸಿದೆ.
ಹೊಸ ಫರ್ಮ್‌ವೇರ್ ಇಳಿಯುವಷ್ಟು ಹೊತ್ತು ಕರೆಂಟು ಹೋಗಬಾರದು;
ಇಬ್ಬರೂ ತಲೆಯೆತ್ತಿ ಬಲ್ಬು ನೋಡುತ್ತಾ ನಿಂತೆವು,
ಮಾತಿಲ್ಲದ್ದಕ್ಕೆ ಒಂದು ನೆಪ.
ಕ್ಯಾಮೆರಾಗಳಿಗೇ ಬೇರೆ ಜಾಲ ಕಟ್ಟಿದೆ,
ಟೀವಿಯ, ಮಗನ ಆಟದ ಪೆಟ್ಟಿಗೆಯ ಎಂಜಲು ತಾಗದಂತೆ.
ಗಂಡನಿಗೆ ಇನ್ನು ವಿಪಿಎನ್ ಒಂದೇ ದಾರಿ.
"ಸುರಂಗ ಅದು, ಗಣಿಯವನಿಗೆ ಹೊಸದಲ್ಲ,
ತನ್ನ ದೀಪ ತಾನೇ ಹೊತ್ತು ಬರಬೇಕು, ಅಷ್ಟೆ" ಅಂದೆ.
ಅವಳು ನಗಲಿಲ್ಲ.

ಪಾಸ್‌ವರ್ಡಿನ ಹೊತ್ತಿಗೆ ಗೋಡೆ ಕಡೆ ತಿರುಗಿ ನಿಂತೆ.
ಅವಳ ಬೆರಳು ಟಪಟಪ ಅಂದಿತು, ನಿಂತಿತು,
ಏನೋ ನೆನೆದು ಮತ್ತೆ ಟಪಟಪ.
ಒಂದಿಡೀ ವಾಕ್ಯ.
ನನ್ನನ್ನೇ ಬೈದಿರಬೇಕು, ಅಷ್ಟುದ್ದ.

ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂದು
ನಗುತ್ತಾರೆ ಜನ. ನಗಲಿ.
ತೆಗೆದಿಟ್ಟವನೇ ಹಾಕುವವನಾದಾಗ
ನಗು ಮುಗಿಯುವವರೆಗೆ ಕಾಯುವುದಕ್ಕಾಗುವುದಿಲ್ಲ.

ಎರಡು ಸಾವಿರ ಪೆಸೊ ಮೇಜಿನ ಮೇಲಿಟ್ಟೆ.
ಅವಳು ಬೇಡ ಅನ್ನಲಿಲ್ಲ. ಎಣಿಸಿದಳು.
ಕ್ಯಾಮೆರಾ ಬೀದಿಗೆ ಮುಖ ಮಾಡಿ ಸುಮ್ಮನಿತ್ತು;
ಆದರೂ ನಾನು ಹೊಸಿಲು ದಾಟುವಾಗ
ಹಿಂದೆ ಪರದೆ ಎಳೆದ ಸದ್ದು.

ನಲವತ್ತು ಮೆಟ್ಟಿಲು ಇಳಿದು, ಕೂತು,
ಹಳೆಯ ನೋಟುಬುಕ್ಕು ತೆಗೆದೆ.
ಹಲ್ಲಿನ ಡಾಕ್ಟರು. ಬೇಕರಿಯ ಲಿಸಾಂದ್ರೊ.
ಅವಳಿ ಮಕ್ಕಳ ತೊಟ್ಟಿಲ ಮೇಲೊಂದು ಕ್ಯಾಮೆರಾ ಬೇಕೆಂದಿದ್ದ ಟ್ಯಾಕ್ಸಿಯವನು.
ಮೂವತ್ತೇಳು ಮನೆ, ಒಂದೇ ಅಂಕಿ,
ಮೂವತ್ತೇಳು ನಾಲ್ಕುಗಳು ಬಾಯಿ ತೆರೆದುಕೊಂಡು.

ಕಡಲಿನಿಂದ ಮಂಜು ಏರುತ್ತಿತ್ತು.
ಚೀಲ ಹೆಗಲಿಗೇರಿಸಿ ಮತ್ತೆ ಹತ್ತತೊಡಗಿದೆ.
ತೊಟ್ಟಿಲಿನ ಮನೆ
ಎಲ್ಲಕ್ಕಿಂತ ಮೇಲಿದೆ.